ಒಗೆಯಬಾರದ ಬನೀನು

ಮೊದಲು ಅನುಮಾನ ಬಂದದ್ದು ನನ್ನ ಮೇಲೇ.
ನೀಲಿ ಹೆಚ್ಚಾಯಿತೇನೋ,
ಬಕೆಟ್ಟಿನ ತಳದಲ್ಲಿ ಕರಗದೆ ಉಳಿದ ಗಂಟು ಹತ್ತಿತೇನೋ ಅಂತ
ಐತಪ್ಪನ ಬನೀನನ್ನು ಎರಡು ಸಲ ಹೇಮಾವತಿಗೆ ಇಳಿಸಿದೆ.
ಕಂಕುಳಲ್ಲಿ, ಕೊರಳಪಟ್ಟಿಯಲ್ಲಿ,
ಪಂಪಿನ ಪಟ್ಟಿ ಒತ್ತುವ ಹೆಗಲ ಮೇಲೆ
ಹಸಿರು. ಪೂರಾ ಹಸಿರೂ ಅಲ್ಲ,
ಹುಣಸೆಹಣ್ಣು ಕಾಣದ ತಾಮ್ರದ ಚೊಂಬಿಗೆ
ಹಿಡಿಯುತ್ತಲ್ಲ ಕಿಲುಬು, ಆ ಬಣ್ಣ.

ನಲವತ್ತು ವರ್ಷ ಸಕಲೇಶಪುರದ ಬಟ್ಟೆ ಒಗೆದಿದ್ದೇನೆ.
ಬಾಳೆಯ ಸೊನೆ ಯಾರ ಮಾತೂ ಕೇಳುವುದಿಲ್ಲ.
ಗ್ಯಾಂಗ್‌ಮನ್ನರ ಗ್ರೀಸಿಗೆ ಸೀಮೆಎಣ್ಣೆ ಬೇಕು.
ರಕ್ತಕ್ಕೆ ತಣ್ಣೀರು ಸಾಕು,
ಯಾರದ್ದು ಅಂತ ನಾನು ಕೇಳುವುದಿಲ್ಲ.
ಬೆವರಿಗೆ ಬಣ್ಣ ಕಂಡದ್ದು ಮಾತ್ರ ಇದೇ ಮೊದಲು.

ಹೆಂಡತಿ ಕೈ ಮುರಿದುಕೊಂಡ ಮೇಲೆ
ಅವನ ಬಟ್ಟೆ ನನ್ನ ಹತ್ತಿರ ಬರುತ್ತಿತ್ತು.
"ಮಾಚಣ್ಣ, ಯಾರಿಗೂ ಹೇಳಬೇಡ" ಅಂದ.
ಲೈನುಮನೆಯಲ್ಲಿ ಆಗಲೇ ಗುಸುಗುಸು.
ಅತ್ತಿಗೆ, ನಾಗನ ಕಾಟ ಅಂದಳಂತೆ.
ತೋಟದ ರೈಟರು, ಕುಡಿದದ್ದು ಹೊರಗೆ ಬರ್ತಿದೆ ಅಂದನಂತೆ.
ಮಗಳು ಅಪ್ಪನ ಟವಲಿನಲ್ಲಿ ಮುಖ ಒರೆಸುವುದು ಬಿಟ್ಟಳಂತೆ.
ಇದನ್ನು ಹೇಳುವಾಗ ಅವನು ಗೋಡೆ ನೋಡುತ್ತಿದ್ದ.

ಹಾಸನದ ಆಸ್ಪತ್ರೆಯಲ್ಲಿ ಡಾಕ್ಟರ್ ನುಸ್ರತ್
"ಒಗೆಯೋರನ್ನೂ ಕರಕೊಂಡು ಬಾ" ಅಂದಿದ್ದರು.
ಹೋದೆ. ಸೋಪಿನ ಬಿಲ್ಲೆ, ನೀಲಿ ಡಬ್ಬ,
ಬಾಟಲಿಯಲ್ಲಿ ಹೊಳೆನೀರು,
ಕದ್ದ ಮಾಲಿನ ಜೊತೆ ಸಿಕ್ಕಿಬಿದ್ದವನ ಹಾಗೆ.
ಹತ್ತಿಯಲ್ಲಿ ಅವನ ಹಣೆ ಒರೆಸಿದರು.
ಹತ್ತಿಯೂ ಹಸಿರು.
ನನ್ನ ಡಬ್ಬವನ್ನು ಮೆಲ್ಲಗೆ ನನ್ನ ಕಡೆಗೇ ತಳ್ಳಿದರು.

ಆಮೇಲೆ ಪ್ರಶ್ನೆ.
ಕುಡಿಯುವ ನೀರು ಬಾವಿಯದೋ, ಬೋರಿನದೋ?
ಪೈಪು ಯಾವುದರದ್ದು? ನಾಟಿ ಮದ್ದು? ಬಣ್ಣದ ಮಾತ್ರೆ?
ಉಡಿದಾರದ ತಾಯಿತ ಯಾವ ಲೋಹ?
ಮಳೆಗೆ ಮುಂಚೆ ಕಾಫಿಗೆ ಏನು ಹೊಡೀತೀರಿ?
"ಮೈಲುತುತ್ತ, ಸುಣ್ಣ."
ಕೈಯಲ್ಲಿ ಕಲಸ್ತೀರಾ?
"ಕೋಲು ಮುರಿದಾಗ."
ಮುಖಕ್ಕೆ ಏನು ಕಟ್ತೀರಿ?
"ಇದೇ ಬನೀನು."
ಹದ ಹೇಗೆ ಗೊತ್ತಾಗುತ್ತೆ?
ಅಲ್ಲಿ ಅವನ ಬಾಯಿ ಬಿಚ್ಚಿತು.
"ಕುಡುಗೋಲು ತಿಕ್ಕಿ ಹೊಳೆಸಿ ಅದ್ದಬೇಕು ಮೇಡಂ,
ಅಲಗಿಗೆ ಕೆಂಪು ಅಡರಿದರೆ ಸುಣ್ಣ ಸಾಲದು,
ಇನ್ನಷ್ಟು ಬಿಟ್ಟು ಮತ್ತೆ ಅದ್ದಬೇಕು,
ಅವಸರ ಮಾಡಿದರೆ ಎಲೆ ಸುಟ್ಟುಹೋಗ್ತದೆ."
ಎಲೆಯ ವಿಷಯಕ್ಕೆ ಅವನ ದನಿ ಎಷ್ಟು ಮೆತ್ತಗಾಯಿತು!
ಹದಿನೆಂಟು ವರ್ಷ ಡ್ರಮ್ಮಿನ ಮುಂದೆ ನಿಂತವನನ್ನು
ಕುರ್ಚಿಯಲ್ಲಿ ಕೂರಿಸಿ ಯಾರೂ ಕೇಳಿರಲಿಲ್ಲ.
ಡಾಕ್ಟರು ಕುಡುಗೋಲನ್ನೂ ಬರೆದುಕೊಂಡರು.

"ಇದೇ ಕಾರಣ ಅಂತ ಈಗಲೇ ಹೇಳಲಾರೆ.
ಬಣ್ಣ ಒಳಗಿಂದಲೇ ಬರುತ್ತೋ,
ಚರ್ಮದ ಮೇಲೆ ಕೂತದ್ದು ಬೆವರಿಗೆ ಕರಗುತ್ತೋ,
ಕಣ್ಣಿಗೆ ಕಾಣದ ಯಾವುದೋ ಹುಳುವಿನ ಕೆಲಸವೋ, ನೋಡಬೇಕು.
ಜೊತೆಗೆ ಹೊಡೆಯೋ ಹನ್ನೊಂದು ಜನಕ್ಕೆ
ಯಾಕಿಲ್ಲ ಅನ್ನೋದಕ್ಕೂ ಉತ್ತರ ಬೇಕು."

ವಾಪಸು ಬರುವ ಬಸ್ಸಿನಲ್ಲಿ, ಬಾಳ್ಳುಪೇಟೆ ದಾಟಿದ ಮೇಲೆ,
ಐತಪ್ಪ ಕಿಟಕಿಗೆ ಹೇಳುವಂತೆ ಹೇಳಿದ:
"ಅವರೆಲ್ಲ ಹಾಕೋದು ಖಾಕಿ, ಕಪ್ಪು.
ಬಿಳಿ ಬನೀನು ನನ್ನದೊಂದೇ, ಮಾಚಣ್ಣ."
ಕಂಡಕ್ಟರು ಚಿಲ್ಲರೆ ಕೇಳಿದ. ಹುಡುಕಿ ಕೊಟ್ಟೆ.

ಮುಂದಿನ ಸಲ ಒಂದು ಬನೀನು ಒಗೆಯದೆ ತನ್ನಿ,
ಕಾಗದದಲ್ಲಿ ಸುತ್ತಿ, ಅಂದಿದ್ದಾರೆ.
ಅದು ನನ್ನ ಮನೆಯ ಗೂಟದಲ್ಲಿದೆ.
ಕೆಳಗೆ ಬಕೆಟ್ಟು ತುಂಬಿದೆ, ಸೋಪು ಅಲ್ಲೇ ಇದೆ,
ಕೈ ತಡೆಯುವುದಿಲ್ಲ, ಕಟ್ಟಿಕೊಂಡು ಕೂರುತ್ತೇನೆ.
ರಾತ್ರಿ ಎದ್ದು ಟಾರ್ಚು ಬಿಟ್ಟು ನೋಡುತ್ತೇನೆ,
ಎಲ್ಲಿ ಮಾಸಿಹೋಯಿತೋ ಅಂತ.